ಐದನೆಯ ಸಾಲಿನ ಷರಾ

ಆರಾದ ಮೇಲೆ ಏಳು ಬರಬೇಕಿತ್ತು. ಪರದೆಯ ಮೇಲೆ ಎಂಟು ಬಂದಿತ್ತು.

ಇನ್ಸ್‌ಪೆಕ್ಟರ್ ಕೆಫಾ ಮ್ಸುಯಾ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ನಾಲ್ಕು, ಐದು, ಆರು, ಎಂಟು. ಕಣ್ಣಿನ ದೋಷವಲ್ಲ. ಬೆಳಿಗ್ಗೆಯಿಂದ ಇದೇ ಹಾಳು ಪಟ್ಟಿಯನ್ನು ಹತ್ತು ಸಲ ಓದಿದ್ದಾನೆ, ಈಗ ಕಾಣುತ್ತಿದೆ. ತನಗೆ ತಾನೇ ಒಂದು ಬೈಗುಳ ಕೊಟ್ಟುಕೊಂಡ.

"ಏಳು ಎಲ್ಲಿ?" ಎಂದ.

ಎದುರಿನ ಸ್ಟೂಲಿನ ಮೇಲೆ ಕೈಗೆ ಬೇಡಿ ಹಾಕಿಸಿಕೊಂಡು ಕೂತಿದ್ದ ಸೀತಿ ಪಾಜಿ ಕತ್ತು ಚಾಚಿ ನೋಡಿದಳು. ಪಕ್ಕದಲ್ಲಿದ್ದ ಮಹಿಳಾ ಪೇದೆ ಅವಳ ಭುಜ ಹಿಡಿದು ಹಿಂದಕ್ಕೆ ಎಳೆಯುವುದಕ್ಕೆ ಹೋದಳು. ಕೆಫಾ ಬೇಡವೆಂದು ಕೈ ಮಾಡಿದ.

ಬುಧವಾರ ಸಂಜೆ ಆರಕ್ಕೆ ದಾರ್ ಎಸ್ ಸಲಾಮಿನ ಈ ಐಸ್ ಫ್ಯಾಕ್ಟರಿಯ ಫೋರ್‌ಮನ್ ಶಿಜಾ ಮಬೂಲಾ ಕಂಪ್ರೆಸರ್ ಕೋಣೆಯಲ್ಲಿ ಅಮೋನಿಯಾ ಅನಿಲಕ್ಕೆ ಉಸಿರುಕಟ್ಟಿ ಸತ್ತು ಬಿದ್ದಿದ್ದ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಇವತ್ತು ಶುಕ್ರವಾರ. ಮಧ್ಯಾಹ್ನ ಎರಡಕ್ಕೆ ಫೈಲು ಮ್ಯಾಜಿಸ್ಟ್ರೇಟರ ಮೇಜಿಗೆ ಹೋಗಬೇಕು. ಹೋದರೆ ಈ ಹುಡುಗಿಯ ಮೇಲೆ ಕೊಲೆಯ ಆರೋಪ. ಕೊಲೆಯ ಆರೋಪಕ್ಕೆ ಈ ದೇಶದಲ್ಲಿ ಜಾಮೀನಿಲ್ಲ. ವಿಚಾರಣೆ ಮುಗಿಯುವ ತನಕ ಒಳಗೇ ಇರಬೇಕು, ಅದು ಎರಡು ವರ್ಷವೋ ಆರು ವರ್ಷವೋ ಹೇಳುವವರಿಲ್ಲ. ಸೀತಿಗೆ ಇಪ್ಪತ್ತಾರು ವರ್ಷ. ಕೆಫಾನ ದೊಡ್ಡ ಮಗಳಿಗೂ ಅಷ್ಟೇ.

ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

"ನಾನು ಅಳಿಸಿಲ್ಲ ಸಾಹೇಬ್ರೇ," ಎಂದಳು ಸೀತಿ. "ಒಂದ್ಸಲ ಕೊಟ್ಟ ನಂಬರನ್ನ ಡೇಟಾಬೇಸ್ ಇನ್ನೊಂದಕ್ಕೆ ಕೊಡಲ್ಲ. ಹಾಗಂತ ನಾನೇ ಕಟ್ಟಿದೀನಿ. ಯಾರೋ ಏಳನೇ ಸಾಲು ಬರ್ದಿದಾರೆ, ಆಮೇಲೆ ಯಾರೋ ಕಿತ್ತು ಹಾಕಿದಾರೆ. ಹಲ್ಲು ಕಿತ್ತ ಜಾಗ ಇದು."

ಮೂರು ವಾರದಿಂದ ಅವಳು ಇಲ್ಲಿ ಮಾಡುತ್ತಿದ್ದ ಕೆಲಸವೇ ಇದು. ಯಾವ ಯಂತ್ರಕ್ಕೆ ಎಣ್ಣೆ ಬಿಡಬೇಕು, ಯಾರು ಬಿಡಬೇಕು, ಬಿಟ್ಟರೋ ಇಲ್ಲವೋ ಎಂಬುದನ್ನೆಲ್ಲ ಶಿಜಾ ಮೂವತ್ತು ವರ್ಷದಿಂದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಅದನ್ನು ಕಂಪ್ಯೂಟರಿಗೆ ತರುವ ಸಾಫ್ಟ್‌ವೇರ್ ಕೊಂಡಿದ್ದರು. ಅದಕ್ಕೆ ಅಡಿಪಾಯ ಹಾಕಿದವಳು ಸೀತಿ. ಕೆಲಸ ಏನು, ಯಾರಿಗೆ ವಹಿಸಿದ್ದು, ಮುಗಿದಿದೆಯೇ, ಎಷ್ಟು ಹೊತ್ತಿಗೆ ಮುಗಿಯಿತು, ಷರಾ ಏನು ಎಂದು ಒಂದೊಂದಕ್ಕೂ ಒಂದೊಂದು ಕಾಲಂ ಮಾಡಿ, ಎಲ್ಲ ಸರಿಯಾಗಿ ಕೂರುತ್ತದೆಯೋ ಎಂದು ನೋಡಲು ಮಂಗಳವಾರದಿಂದ ಸುಳ್ಳು ಕೆಲಸಗಳನ್ನು ತುಂಬುತ್ತಿದ್ದಳು.

ಆ ಸುಳ್ಳು ಕೆಲಸಗಳೇ ಈಗ ಕುತ್ತಿಗೆಗೆ ಬಂದಿದ್ದವು.

ನಾಲ್ಕನೆಯ ಸಾಲು ಶಿಜಾ ಹೇಳಿ ಬರೆಸಿದ್ದು: 'ಸೀತಿಗೆ ಕೆಲಸ ಕಲಿಸುವುದು. ಡೋಲಿನ ಸದ್ದಿಗೆ ಎದ್ದು ಓಡದಂತೆ ಅವಳ ಕಿವಿಗೆ ಹತ್ತಿ ತುರುಕುವುದು.' ಐದನೆಯ ಸಾಲು ಅದಕ್ಕೆ ಸೀತಿ ಕೊಟ್ಟ ಜವಾಬು: 'ಈ ಸುಕುಮಾ ಎತ್ತನ್ನು ಹೂಳುವುದು. ಹಳ್ಳ ದೊಡ್ಡದಾಗಿ ತೋಡಬೇಕು.'

ಅವಳು ಜರಾಮೊ, ಡೋಲು ಕೇಳಿದರೆ ಕುಣಿಯಲು ಓಡುವವರೆಂದು ಹೆಸರಾದ ಕುಲ; ಅವನು ಸುಕುಮಾ, ದನ ಸಾಕುವ ಕುಲ. ಈ ಎರಡು ಕುಲಗಳು ಅಜ್ಜಂದಿರ ಕಾಲದಿಂದ ಪರಸ್ಪರ ಮ್ತಾನಿಗಳು. ಎಂದರೆ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಅಣಕಿಸುವ ಹಕ್ಕಿರುವವರು; ಬೇಜಾರು ಮಾಡಿಕೊಂಡರೆ ಮಾಡಿಕೊಂಡವನದೇ ತಪ್ಪು. ಸಾವಿನ ಮನೆಯಲ್ಲೂ ಮ್ತಾನಿ ಬಂದು ಹೆಣವನ್ನೇ ಛೇಡಿಸಿ, ಅಳುವವರನ್ನು ನಗಿಸಿ ಹೋಗುತ್ತಾನೆ. ಈ ತಮಾಷೆ ಗೊತ್ತಿಲ್ಲದವರು ದಾರ್ ಎಸ್ ಸಲಾಮಿನಲ್ಲಿ ಯಾರೂ ಇಲ್ಲ. ಆದರೆ ಫೈಲಿನಲ್ಲಿ ನಗು ಬರೆಯಲು ಬರುವುದಿಲ್ಲ. ಮೇಲಾಗಿ, ಆ ಐದನೆಯ ಸಾಲಿನ ಮುಂದೆ ಬುಧವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಸೀತಿಯ ಹೆಸರಿನಲ್ಲಿ 'ಮುಗಿದಿದೆ' ಎಂದು ಗುರುತು ಬಿದ್ದಿತ್ತು. ಹೆಣ ಸಿಕ್ಕಿದ್ದು ಆರಕ್ಕೆ. ಗುರುತಿನ ಪಕ್ಕದಲ್ಲಿ ಒಂದು ಷರಾ: 'ಹಿರಿಯರೇ, ನನ್ನನ್ನು ಕ್ಷಮಿಸಿ.'

ತಾನು ನಾಲ್ಕಕ್ಕೇ ಹೊರಟು ದೋಣಿ ಹತ್ತಿ ಆಚೆ ದಡದ ಕಿಗಂಬೋನಿಗೆ ಹೋದೆ ಎಂದು ಸೀತಿ ಹೇಳಿದ್ದಳು. ನೋಡಿದವರು ಯಾರೂ ಇಲ್ಲ. ಪರೀಕ್ಷೆಗೆಂದು ಎಲ್ಲ ಹೆಸರಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ, 'ಬರಾಫು' ಎಂದು, ಐಸ್ ಫ್ಯಾಕ್ಟರಿಯಲ್ಲಿ ಐಸ್ ಎಂಬ ಪಾಸ್‌ವರ್ಡ್ ಆಫೀಸಿನವರಿಗೆಲ್ಲ ಗೊತ್ತಿತ್ತು ಎಂದೂ ಹೇಳಿದ್ದಳು. ನಿನ್ನೆ ಇದನ್ನು ಕೇಳಿದ ಅಧಿಕಾರಿಗಳು ತಲೆಯಾಡಿಸಿ ಬರೆದುಕೊಂಡರು, ಅಷ್ಟೇ.

"ಅಳಿಸಿದ್ದು ಮತ್ತೆ ಸಿಗುತ್ತಾ?" ಕೆಫಾ ಕೇಳಿದ.

ಸಿಗುತ್ತದೆ ಎಂದಳು ಸೀತಿ. ದಿನಾ ನಾಲ್ಕು ಗಂಟೆಗೆ ಇಡೀ ಡೇಟಾಬೇಸಿನ ನಕಲು ತನ್ನಷ್ಟಕ್ಕೆ ತಾನೇ ಇನ್ನೊಂದು ಕಡೆ ಕೂರುವಂತೆ ಮಾಡಿದ್ದೇನೆ, ಅದು ಯಾರಿಗೂ ಹೇಳಿರಲಿಲ್ಲ ಎಂದಳು. ಯಾವ ಫೋಲ್ಡರು, ಯಾವ ಹೆಸರು ಎಂದು ಅವಳು ಹೇಳುತ್ತಾ ಹೋದಳು, ಕೆಫಾ ಎರಡು ಬೆರಳಿನಲ್ಲಿ ಒತ್ತುತ್ತಾ ಹೋದ. ಬುಧವಾರದ ನಕಲು ತೆರೆಯಿತು.

ಏಳನೆಯ ಸಾಲು ಅಲ್ಲಿತ್ತು.

'ಮೂರನೇ ವಾಲ್ವ್ ಸೋರುತ್ತಿದೆ. ಗ್ಯಾಸ್ ಮುಖವಾಡ ಹರಿದಿದೆ. ಹೊಸದು ಬರುವ ತನಕ ಕಂಪ್ರೆಸರ್ ನಿಲ್ಲಿಸಬೇಕು. ಬರೆದವನು: ಶಿಜಾ. ಯಾರಿಗೆ: ಮ್ಯಾನೇಜರ್.' ವೇಳೆ ಬುಧವಾರ ಮಧ್ಯಾಹ್ನ ಎರಡೂ ನಲವತ್ತು.

ಕೆಫಾ ಅದನ್ನು ಎರಡು ಸಲ ಓದಿದ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಮುದುಕ, ಈ ಹೊಸ ಪೆಟ್ಟಿಗೆಯಲ್ಲಿ ನಿಜವಾದ ಕೆಲಸವೊಂದನ್ನು ಬರೆದ ಮೊದಲ ಮನುಷ್ಯ. ಅದೇ ಅವನ ಕೊನೆಯ ಬರಹವೂ ಆಯಿತು. ಕೆಫಾನಿಗೆ ಸಿಟ್ಟು ಬಂತು.

ಮ್ಯಾನೇಜರನ್ನು ಕರೆಸಿದ.

ಕಮುಗಿಶಾ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈಯಲ್ಲಿ ಎರಡು ಫೋನು ಹಿಡಿದುಕೊಂಡು ಬಂದ. ಕೂತುಕೊಳ್ಳಲಿಲ್ಲ. ಮೀನುಗಾರರು ಹೊರಗೆ ಐಸಿಗೆ ಕಾಯುತ್ತಿದ್ದಾರೆ, ಎರಡು ದಿನದಿಂದ ಯಂತ್ರ ನಿಂತಿದೆ, ಪೊಲೀಸರು ಯಾವಾಗ ಜಾಗ ಖಾಲಿ ಮಾಡುತ್ತೀರಿ ಎಂದು ಕೇಳಿದ.

ಕೆಫಾ ಅದಕ್ಕೆ ಉತ್ತರ ಕೊಡದೆ, ವಾಲ್ವ್ ಸೋರುತ್ತಿರುವ ವಿಷಯ ಶಿಜಾ ನಿಮಗೆ ಹೇಳಿದ್ದನೋ ಎಂದು ಕೇಳಿದ.

"ನಿನ್ನೆನೇ ಹೇಳಿದೀನಲ್ಲ. ಯಾರೂ ಹೇಳಿಲ್ಲ."

"ಬರೆದೂ ಕೊಟ್ಟಿಲ್ಲ?"

"ಎಲ್ಲಿ ಬರೀತಾನೆ? ಹಲಗೆ ಹೋದ ವಾರನೇ ತೆಗೆಸಿದೀವಿ. ಈ ಸಾಫ್ಟ್‌ವೇರ್ ಶುರುವಾಗೋದು ಸೋಮವಾರ."

ಕೆಫಾ ಪರದೆಯನ್ನು ಅವನ ಕಡೆ ತಿರುಗಿಸಿದ. ಇಪ್ಪತ್ತು ವರ್ಷದ ಅನುಭವದಲ್ಲಿ ಅವನು ಕಲಿತದ್ದು ಇದೊಂದೇ: ಓದುವವನ ಮುಖ ನೋಡಬೇಕು, ಓದುತ್ತಿರುವುದನ್ನಲ್ಲ. ಕಮುಗಿಶಾನ ಕಣ್ಣು ಏಳನೆಯ ಸಾಲಿಗೆ ಬಂದು ನಿಂತಿತು. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ಫೋನು ಹಿಡಿದ ಕೈಗಳು ಮೆಲ್ಲಗೆ ಕೆಳಗಿಳಿದವು.

"ಅಳಿಸಿದ್ದೆನಲ್ಲ," ಎಂಬ ಮಾತು ಅವನ ಬಾಯಿಂದ ಜಾರಿಬಿಟ್ಟಿತು.

ಮಹಿಳಾ ಪೇದೆ ತಲೆಯೆತ್ತಿ ನೋಡಿದಳು. ಕಮುಗಿಶಾ ಈಗ ಕುರ್ಚಿ ಎಳೆದುಕೊಂಡು ಕೂತ.

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ಬುಧವಾರ ಮಧ್ಯಾಹ್ನ ಆ ಸಾಲನ್ನು ನೋಡಿದ್ದು ನಿಜ. ಶನಿವಾರದ ತನಕ ನಿಲ್ಲಿಸಲು ಆಗುವುದಿಲ್ಲ, ಹುಷಾರಾಗಿ ಓಡಿಸು ಎಂದು ಶಿಜಾನಿಗೆ ಬಾಯಲ್ಲಿ ಹೇಳಿದ್ದೂ ನಿಜ. ಗುರುವಾರ ಬೆಳಿಗ್ಗೆ, ಪೊಲೀಸರು ಕಂಪ್ಯೂಟರ್ ನೋಡಲು ಬರುವ ಮೊದಲು, ಲೈಸೆನ್ಸು ಹೋಗುತ್ತದೆಂಬ ಹೆದರಿಕೆಗೆ ಅಳಿಸಿದ್ದೂ ನಿಜ. ಹಾಗೆ ಅಳಿಸುವಾಗ ನಂಬರು ಖಾಲಿ ಉಳಿಯುತ್ತದೆಂದು ಅವನಿಗೆ ತಿಳಿದಿರಲಿಲ್ಲ.

"ಅಳಿಸಿದವರು ನೀವು. ಮತ್ತೆ ಐದನೇ ಸಾಲಿಗೆ ಗುರುತು ಹಾಕಿದವರೂ ನೀವೇ. ಚಿಲಕ ಹಾಕಿದವರೂ ನೀವೇ," ಎಂದ ಕೆಫಾ. "ಒಬ್ಬನ ಬಾಯಿ ಮುಚ್ಚಿಸಿದಿರಿ. ಇನ್ನೊಬ್ಬಳ ತಲೆಗೆ ಕಟ್ಟಿದಿರಿ."

"ಚಿಲಕ ನಾನು ಹಾಕಿಲ್ಲ." ಕಮುಗಿಶಾನ ದನಿ ಕೀರಲಾಯಿತು. "ಐದು ಗಂಟೆಗೆ ನಾನು ಮಾರುಕಟ್ಟೆ ಸಂಘದ ಮೀಟಿಂಗಲ್ಲಿದ್ದೆ. ನಲವತ್ತು ಜನ ಇದ್ರು, ಕೇಳಿ ಬೇಕಾದ್ರೆ. ನಾನು ಹೇಡಿ ಅನ್ನಿ, ಒಪ್ತೀನಿ. ಕೊಲೆಗಾರ ಅನ್ಬೇಡಿ."

ಹೇಡಿತನವನ್ನು ಇಷ್ಟು ಬೇಗ ಒಪ್ಪಿಕೊಳ್ಳುವವನನ್ನು ಕೆಫಾ ನಂಬುವವನಲ್ಲ. ನಲವತ್ತು ಜನರಲ್ಲಿ ಒಬ್ಬ ಅರ್ಧ ಗಂಟೆ ಎದ್ದು ಹೋದರೆ ಯಾರು ನೋಡುತ್ತಾರೆ? ಅವನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಮೇಲಧಿಕಾರಿ ಊರಾಸಾನಿಗೆ ಫೋನು ಮಾಡಿದ.

ಊರಾಸಾ ಕಿಲಿಮಂಜಾರೊ ಕಡೆಯ ಚಗ್ಗ. ಕೆಫಾ ಪಕ್ಕದ ಬೆಟ್ಟಗಳ ಪಾರೆ. ಅವರೂ ಮ್ತಾನಿಗಳೇ. ಅಧಿಕಾರದಲ್ಲಿ ಎಷ್ಟು ಮೆಟ್ಟಿಲು ಅಂತರವಿದ್ದರೂ ಮಾತು ಶುರುವಾಗುವುದು ಯಾವಾಗಲೂ ಒಂದೇ ರೀತಿ.

"ಏನೋ ಜಿಪುಣ, ನನಗೆ ಫೋನ್ ಮಾಡಿದೀಯ? ಮಿಸ್ಡ್ ಕಾಲ್ ಕೊಟ್ಟು ಸುಮ್ನಾಗ್ತೀಯ ಅಂದ್ಕೊಂಡಿದ್ದೆ."

"ಬಾಳೆಹಣ್ಣಿನ ಸಾರಾಯಿ ಗಂಟಲಿಗೆ ಇಳಿಯೋಕೆ ಮುಂಚೆ ಮಾಡಬೇಕಲ್ಲ, ಆಮೇಲೆ ನಿಮ್ಮ ಕಿವಿ ಕೇಳ್ಸಲ್ಲ," ಎಂದು ಕೆಫಾ ವಿಷಯಕ್ಕೆ ಬಂದ.

ಊರಾಸಾ ಎಲ್ಲ ಕೇಳಿದ. ಮ್ಯಾನೇಜರ್ ಲೈಸೆನ್ಸಿಗಾಗಿ ಒಂದು ಸಾಲು ಅಳಿಸಿದ್ದು ಬೇರೆಯೇ ಕೇಸು ಎಂದ. ಹುಡುಗಿಯ ಹೆಸರಿನಲ್ಲಿ, ಹೆಣ ಸಿಗುವ ಮೊದಲೇ, 'ಮುಗಿದಿದೆ, ಕ್ಷಮಿಸಿ' ಎಂದು ಬರೆದಿದೆ; ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಯಾವ ಮ್ಯಾಜಿಸ್ಟ್ರೇಟರಿಗೆ ಬೇಕು ಎಂದ. ಕೊನೆಗೆ, ಎರಡು ಗಂಟೆಗೆ ಫೈಲು ಇರಲಿ, ಪೆಟ್ರೋಲು ಉಳಿಸುತ್ತೇನೆಂದು ನಡೆದುಕೊಂಡು ಬರಬೇಡ ಎಂದು ನಗುತ್ತಾ ಫೋನು ಇಡಲು ಹೋದ.

ಆ ನಗು ಕೆಫಾನನ್ನು ತಡೆದು ನಿಲ್ಲಿಸಿತು.

"ಸಾರ್, ಒಂದು ನಿಮಿಷ. ಮೂರು ವರ್ಷದ ಹಿಂದೆ ಜೀಪಿನ ಬಾಗಿಲು ಹಾಕುವಾಗ ನಿಮ್ಮ ಬೆರಳು ಮುರಿದೆ. ನೆನಪಿದೆಯಾ?"

"ಸಾಯೋ ತನಕ ನೆನಪಿರುತ್ತೆ."

"ಆಗ ನಾನು ಏನಂದೆ?"

"ಬಾಳೆಹಣ್ಣು ಎಣಿಸೋಕೆ ಇನ್ನೂ ಒಂಬತ್ತು ಬೆರಳಿದೆಯಲ್ಲ ಅಂದೆ, ಕತ್ತೆ."

"ಕ್ಷಮಿಸಿ ಅಂದೆನಾ?"

"ನೀನಾ? ಎಲ್ಲಿ ಅಂದೆ."

"ಇಪ್ಪತ್ತು ವರ್ಷದಲ್ಲಿ ನಾನು ನಿಮ್ಮ ಹತ್ರ ಒಂದ್ಸಲಾನೂ ಕ್ಷಮೆ ಕೇಳಿಲ್ಲ, ನೀವೂ ನನ್ನ ಹತ್ರ ಕೇಳಿಲ್ಲ. ಮ್ತಾನಿ ಮ್ತಾನಿಯ ಹತ್ರ ಕ್ಷಮೆ ಕೇಳಲ್ಲ ಸಾರ್. ಕೇಳಿದ ದಿನ ಆ ಸಂಬಂಧ ಸತ್ತ ಹಾಗೆ. ಮಂಗಳವಾರ 'ಈ ಎತ್ತನ್ನ ಹೂಳಿ' ಅಂತ ಬರೆದವಳು ಬುಧವಾರ 'ಹಿರಿಯರೇ, ಕ್ಷಮಿಸಿ' ಅಂತ ಬರೀತಾಳಾ? ಅವಳು ಕೊಂದೇ ಇದ್ರೂ 'ಎತ್ತು ಬಿತ್ತು' ಅಂತ ಬರೀತಿದ್ಲು. ಈ ಷರಾ ಬರೆದವರು ಅವನಿಗೆ ಮರ್ಯಾದೆ ಕೊಡೋರು. ಅವಳಲ್ಲ."

ಹೊರಗೆ ಮೀನುಗಾರನೊಬ್ಬ ಯಾರಿಗೋ ಬೈಯುತ್ತಿದ್ದ. ಊರಾಸಾನ ಉಸಿರು ಫೋನಿನಲ್ಲಿ ಕೇಳುತ್ತಿತ್ತು. ಇಬ್ಬರೂ ಇದನ್ನು ಹುಟ್ಟಿದಾಗಿನಿಂದ ಬಲ್ಲವರು. ಯಾವ ಕಾನೂನು ಪುಸ್ತಕದಲ್ಲೂ ಇಲ್ಲದಿದ್ದರೂ ಅಲ್ಲಗಳೆಯಲು ಬರುವಂಥದ್ದಲ್ಲ.

"ಮ್ಯಾಜಿಸ್ಟ್ರೇಟರು ಹೆಹೆ ಕುಲದವರು," ಎಂದ ಊರಾಸಾ ಕೊನೆಗೆ. "ಅವರಿಗೂ ಮ್ತಾನಿಗಳಿದ್ದಾರೆ. ಅರ್ಥ ಆಗುತ್ತೆ." ದನಿಯಲ್ಲಿ ತಮಾಷೆ ಇರಲಿಲ್ಲ. ಹುಡುಗಿಯನ್ನು ಈಗಲೇ ಬಿಡು, ಆದರೆ ಬಿಡುಗಡೆಯ ಕಾಗದಕ್ಕೆ ನಿನ್ನ ರುಜು ಇರಲಿ, ನನ್ನದಲ್ಲ ಎಂದ. ಇಬ್ಬರೂ ಮ್ತಾನಿಗಳಾಗಿದ್ದರು ಎಂದು ಶಿಜಾನ ಹೆಂಡತಿಯ ಬಾಯಿಂದ ಹೇಳಿಕೆ ಬರೆಸಿಕೊಂಡು ಎರಡಕ್ಕೆ ಮುಂಚೆ ಬಾ ಎಂದ. ಇದರಲ್ಲಿ ತಪ್ಪಾದರೆ ಬೆಟ್ಟಕ್ಕೆ ಹೋಗಿ ಶುಂಠಿ ಬೆಳೆದುಕೊಂಡಿರಬೇಕಾಗುತ್ತದೆ ಎಂದೂ ಹೇಳಿದ. ಅದು ತಮಾಷೆಯೋ ಅಲ್ಲವೋ ಕೆಫಾನಿಗೆ ಗೊತ್ತಾಗಲಿಲ್ಲ.

ರುಜು ಹಾಕಿದ. ಪೇದೆ ಬೇಡಿ ಬಿಚ್ಚಿದಳು.

ತನ್ನನ್ನು ಉಳಿಸಿದ್ದು ಯಾವ ಮಾತು ಎಂದು ಕೆಫಾ ವಿವರಿಸಿದಾಗ ಸೀತಿ ಮಣಿಕಟ್ಟು ಉಜ್ಜಿಕೊಳ್ಳುವುದನ್ನು ನಿಲ್ಲಿಸಿದಳು. ಪರದೆಯ ಮೇಲಿನ ಆ ಷರಾವನ್ನು ನೋಡಿದಳು. ಕಣ್ಣಿನಿಂದ ನೀರು ದಳದಳನೆ ಇಳಿಯಿತು. ಕೆಫಾ ಅವಳಿಗೆ ತನ್ನ ಕರವಸ್ತ್ರ ಕೊಟ್ಟ. ಇಂಥ ಗಳಿಗೆ ಈ ನೌಕರಿಯಲ್ಲಿ ಎಷ್ಟು ಸಲ ಬರುತ್ತದೆ? ಮುಂದೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದ.

"ಸಾವಿನ ಮನೆಗೆ," ಎಂದಳು. "ನಾನು ಹೋಗ್ಲೇಬೇಕು."

ಮ್ತಾನಿ ಹೋಗಲೇಬೇಕು, ನಿಜ. ಬೇಗ ಹೋಗು ಎಂದ.

ಕಮುಗಿಶಾನ ಹೇಳಿಕೆ ಬರೆದು ಮುಗಿಸುವಷ್ಟರಲ್ಲಿ ಮಸೀದಿಯಿಂದ ಶುಕ್ರವಾರದ ಬಾಂಗ್ ಕೇಳಿಸಿತು. ಕೆಫಾ ಒಂದು ಬಜಾಜಿ ಆಟೊ ಹಿಡಿದು ಕೆಕೊ ಬಡಾವಣೆಗೆ ಹೊರಟ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ಬಿಸಿಲು ಕೂಡ ಅಷ್ಟೊಂದು ಸುಡುತ್ತಿಲ್ಲ ಎನಿಸಿತು.

ಶಿಜಾನ ಮನೆಯ ಮುಂದೆ ನೀಲಿ ಟಾರ್ಪಾಲು ಕಟ್ಟಿ ಗಂಡಸರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹಿತ್ತಿಲಲ್ಲಿ ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯುತ್ತಿತ್ತು. ಒಳಗೆ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ವಿಧವೆ ಮಿಂಜಾ ಗೋಡೆಗೆ ಒರಗಿದ್ದಳು, ಉಟ್ಟ ಖಾಂಗಾ ಬಟ್ಟೆಯ ತುದಿ ತಲೆಯ ಮೇಲಿತ್ತು. ಕೆಫಾ ಶೂ ಬಿಚ್ಚಿ ಚಾಪೆಯ ಅಂಚಿನಲ್ಲಿ ಕೂತು, ಹೇಳಬೇಕಾದ ಸಾಂತ್ವನದ ಮಾತು ಹೇಳಿ, ತಾನು ಸೀತಿಯ ಪರವಾಗಿ ಬಂದಿದ್ದೇನೆ ಎಂದ.

ಮಿಂಜಾಳ ಮುಖದಲ್ಲಿ ಮೊದಲ ಸಲ ಜೀವ ಬಂತು.

ಅವರಿಬ್ಬರೂ ಮ್ತಾನಿಗಳಾಗಿದ್ದರೇ ಎಂದು ಕೇಳಿದಾಗ, ಆಗಿದ್ದರಲ್ಲ, ಮೂರು ವಾರ ಇವರು ಮನೆಗೆ ಬಂದು ಊಟಕ್ಕೆ ಕೂತರೆ ಅವಳದೇ ಮಾತು, ಇವತ್ತು ಆ ಹುಡುಗಿ ನನಗೆ ಹೀಗಂದಳು, ನಾನು ಹೀಗಂದೆ ಎಂದು ಹೇಳಿ ಹೇಳಿ ನಗುತ್ತಿದ್ದರು ಎಂದಳು. ಕೆಫಾ ಪ್ರತಿಯೊಂದು ಮಾತನ್ನೂ ದುಂಡಗೆ ಬರೆದುಕೊಂಡ. ಇಷ್ಟು ಸಾಕು, ಇಲ್ಲಿ ಹೆಬ್ಬೆಟ್ಟು ಒತ್ತಿ ಎಂದು ಕಾಗದ ಮುಂದೆ ಹಿಡಿದ.

ಮಿಂಜಾ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು, ಹಾಗೇ ತಡೆದಳು.

"ಆದ್ರೆ ಅಪ್ಪಾ, ಅದೆಲ್ಲ ಮಂಗಳವಾರದ ತನಕ. ಅದನ್ನೂ ಬರ್ಕೋ."

"ಮಂಗಳವಾರದ ತನಕ ಅಂದ್ರೆ?"

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. ಯಾರಿಗೂ ಹೇಳಬೇಡ ಎಂದು ಮಗ ಮಡುಹು ಬಾಯಿ ಕಟ್ಟಿಹಾಕಿದ್ದಾನೆ. ಪೊಲೀಸರ ಮುಂದಂತೂ ಎತ್ತಲೇಬೇಡ ಎಂದಿದ್ದಾನೆ. ನೀನು ಅವಳ ಪರ ಬಂದಿರುವವನು, ನಿನ್ನ ಹತ್ತಿರ ಮುಚ್ಚಿಡುವುದು ಪಾಪ ಎಂದಳು.

"ಬುಧವಾರ ಬೆಳಿಗ್ಗೆ ನನ್ನ ಮಗ ಅವಳನ್ನ ಮನೆಗೆ ಕರ್ಕೊಂಡು ಬಂದ. ಮದುವೆ ಅಂತ ಆದ್ರೆ ಇವಳನ್ನೇ ಅಂದ. ಇವರು ಒಂದೇ ಮಾತಿಗೆ ಒಪ್ಪಿದ್ರು. ಆ ಹುಡುಗಿ ಇದೇ ಚಾಪೆ ಮೇಲೆ ಮಂಡಿಯೂರಿ ಕೂತು, ತಲೆ ಮೇಲೆ ಎತ್ತದೆ ಮಾತಾಡಿದ್ಲು. ಮಾವ ಆದ ಮೇಲೆ ತಮಾಷೆ ಎಲ್ಲಿ ಬಂತು? ಇವರು ಹೊರಗೆ ಹೋಗುವಾಗ ನನ್ನ ಹತ್ರ ನಕ್ಕೊಂಡು ಅಂದ್ರು, ನೆನ್ನೆ ತನಕ ಎತ್ತು ಅಂತಿದ್ದವಳು ಇವತ್ತು ಹಿರಿಯರೇ ಅಂದ್ಲು ನೋಡೇ, ಅಂತ."

ಕೆಫಾನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ನಿಂತ ಜಾಗದಲ್ಲಿ ಶಾಯಿ ಹರಡಿತು. ಐದನೆಯ ಸಾಲಿನ ಷರಾವೂ 'ಹಿರಿಯರೇ' ಎಂದೇ ಶುರುವಾಗಿತ್ತು; ಮದುವೆಗೆ ಒಪ್ಪಿದ ಮಾವನನ್ನು ಯಾಕೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಸೀತಿ ಇಲ್ಲಿಗೆ ಬಂದಿದ್ದಳೋ ಎಂದು ಕೇಳಿದ.

ಇಲ್ಲ, ನೀವು ಬಿಟ್ಟರಲ್ಲವೇ ಬರುವುದು ಎಂದಳು ಮಿಂಜಾ. ಬಿಟ್ಟು ಒಂದು ಗಂಟೆಯ ಮೇಲಾಗಿತ್ತು. ಮಡುಹುವನ್ನು ಕರೆಯಿರಿ, ಎರಡು ಮಾತು ಕೇಳಬೇಕು ಎಂದ.

"ಒಂದು ಗಂಟೆ ಆಯ್ತು, ಯಾರದೋ ಫೋನು ಬಂತು, ಹೋದ. ನಾಳೆ ಅಪ್ಪನ್ನ ಮಣ್ಣು ಮಾಡಬೇಕು, ಬಟ್ಟೆ ಚೀಲ ಯಾಕೋ ತಗೊಂಡೆ ಅಂತ ಕೇಳ್ದೆ. ಮಾತೇ ಆಡ್ಲಿಲ್ಲ."

ಕೆಫಾನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಊರಾಸಾನ ಹೆಸರು. ಅವನು ತೆಗೆಯಲಿಲ್ಲ. ಎದುರಿಗೆ ಮಿಂಜಾ ಹೆಬ್ಬೆಟ್ಟು ಮುಂದೆ ಚಾಚಿ, ಎಲ್ಲಿ ಒತ್ತಬೇಕೆಂದು ಅವನ ಮುಖವನ್ನೇ ನೋಡುತ್ತಿದ್ದಳು.

"ಯಾಕಪ್ಪಾ," ಎಂದಳು. "ಇಷ್ಟು ಹೇಳಿದ್ರೆ ಅವಳು ಉಳೀತಾಳೆ ತಾನೆ?"